ಗೊರಕೆಯ ಲೆಕ್ಕಾಚಾರ

(ಚೆನ್ನೈನ ಪಶ್ಚಿಮ ಮಾಂಬಲದ ಒಂದು ಮನೆ. ಬ್ಯಾಂಕಿನ ನೌಕರಿಯಿಂದ ನಿವೃತ್ತಿಯ ಅಂಚಿನಲ್ಲಿರುವ ಚಿಕ್ಕಪ್ಪ. ಅದೇ ಊರಿನ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ವೈದ್ಯೆಯಾಗಿರುವ ಅಣ್ಣನ ಮಗಳು. ಮೇಜಿನ ಮೇಲೆ ನಿದ್ರೆಯ ಪರೀಕ್ಷೆಯ ವರದಿ.)

— ನೋಡಿದೆಯಾ ಮಗಳೇ, ‘ಮೈಲ್ಡ್’ ಅಂತ ಬರೆದಿದ್ದಾರೆ. ಏನೂ ಇಲ್ಲ ಅಂತ ತಾನೆ? ನಿನ್ನ ಚಿಕ್ಕಮ್ಮ ಸುಮ್ಮನೆ ದುಡ್ಡು ದಂಡ ಮಾಡಿಸಿದಳು.

— ಏನೂ ಇಲ್ಲ ಅಂತ ಎಲ್ಲಿ ಬರೆದಿದೆ ಚಿಕ್ಕಪ್ಪ? ಎಎಚ್‌ಐ 11 ಅಂತಿದೆ. ಗಂಟೆಗೆ ಸರಾಸರಿ 11 ಸಲ ನಿಮ್ಮ ಉಸಿರು ಪೂರ್ತಿ ನಿಂತಿದೆ, ಇಲ್ಲವೇ ಅರೆಬರೆಯಾಗಿದೆ. ಒಂದೊಂದು ಸಲವೂ ಕನಿಷ್ಠ 10 ಸೆಕೆಂಡು. ಆರೂವರೆ ಗಂಟೆ ಮಲಗಿದ್ದೀರಿ ಅಂದರೆ ರಾತ್ರಿಗೆ ಎಪ್ಪತ್ತು ಸಲದ ಮೇಲಾಯಿತು.

— ಎಪ್ಪತ್ತು ಸಲವೇ? ನನಗೆ ಒಂದು ಸಲವೂ ಗೊತ್ತಾಗಿಲ್ಲವಲ್ಲ!

— ಗೊತ್ತಾಗುವಷ್ಟು ಎಚ್ಚರ ಆಗುವುದಿಲ್ಲ. ಮಿದುಳು ಮೂರು ನಾಲ್ಕು ಸೆಕೆಂಡು ಎದ್ದು, ಗಂಟಲಿನ ಸ್ನಾಯುಗಳನ್ನು ಬಿಗಿಮಾಡಿ, ಉಸಿರು ಎಳೆಸಿ ಮತ್ತೆ ಮಲಗಿಬಿಡುತ್ತದೆ. ಬೆಳಗ್ಗೆ ಅದರ ನೆನಪೇ ಇರುವುದಿಲ್ಲ. ಚಿಕ್ಕಮ್ಮನಿಗೆ ಮಾತ್ರ ಗೊರಕೆ ಜೋರಾಗಿ ಏರಿ, ತಟ್ಟನೆ ನಿಂತು, ಆಮೇಲೆ ‘ಘರ್’ ಅಂತ ಮತ್ತೆ ಶುರುವಾಗಿದ್ದು ಕೇಳಿಸುತ್ತದೆ. ಅವರಿಗೆ ಭಯವಾಗಿದ್ದು ಗೊರಕೆಗಲ್ಲ, ನಡುವಿನ ಆ ನಿಶ್ಶಬ್ದಕ್ಕೆ.

— ಆದರೆ ಉಸಿರು ಯಾಕೆ ನಿಲ್ಲಬೇಕು? ನನಗೆ ಆಸ್ತಮಾ ಇಲ್ಲ, ಸಿಗರೇಟು ಮುಟ್ಟಿದವನಲ್ಲ.

— ಶ್ವಾಸಕೋಶದ್ದು ತಪ್ಪೇ ಇಲ್ಲ. ತೊಂದರೆ ಇರುವುದು ಗಂಟಲಲ್ಲಿ. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯ ತನಕ ಗಾಳಿ ಹೋಗುವ ದಾರಿಗೆ ಮೂಳೆಯ ಚೌಕಟ್ಟಿಲ್ಲ. ಮೆದು ಅಂಗುಳ, ಕಿರುನಾಲಗೆ, ನಾಲಗೆಯ ಬುಡ, ಎಲ್ಲವೂ ಮಾಂಸವೇ. ಎಚ್ಚರವಾಗಿದ್ದಾಗ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆಯಲ್ಲಿ, ಅದರಲ್ಲೂ ಕನಸು ಬೀಳುವ ಹೊತ್ತಿನಲ್ಲಿ, ಅವು ಸಡಿಲವಾಗುತ್ತವೆ. ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ನೆನೆದ ಮೇಲೆ ಜೋರಾಗಿ ಹೀರಿದರೆ ಒಳಕ್ಕೆ ಕುಸಿದು ಅಂಟಿಕೊಳ್ಳುವುದಿಲ್ಲವೇ, ಹಾಗೆ. ದಾರಿ ಕಿರಿದಾದಾಗ ಬರುವ ಸದ್ದು ಗೊರಕೆ. ಪೂರ್ತಿ ಮುಚ್ಚಿದರೆ ಸದ್ದೇ ಇಲ್ಲ.

— ಗೊರಕೆ ಅಂದರೆ ಗಾಢ ನಿದ್ದೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಕುಂಭಕರ್ಣನ ವಂಶ ಅಂತ ಹೆಮ್ಮೆ ಬೇರೆ.

— ಅಜ್ಜ ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತಿದ್ದುದು, ಅರವತ್ತರೊಳಗೇ ಬಿಪಿ ಮಾತ್ರೆ ಹಿಡಿದಿದ್ದು ನಿಮಗೂ ನೆನಪಿರಬೇಕು. ದವಡೆಯ ಅಳತೆ, ಕತ್ತಿನ ದಪ್ಪ, ಇವೆಲ್ಲ ವಂಶದಲ್ಲೇ ಬರುತ್ತವೆ.

— ಸರಿ, ಆಯಿತು. ಆದರೆ ‘ಸೌಮ್ಯ’ ಅಂತಲೇ ಹೇಳಿದ್ದಾರಲ್ಲ. ಈ ಲೆಕ್ಕಕ್ಕೆ ಗೆರೆ ಎಳೆದವರು ಯಾರು?

— ಪ್ರಪಂಚದಾದ್ಯಂತ ತಜ್ಞರು ಒಪ್ಪಿಕೊಂಡ ಗೆರೆ. 5ಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ದಾಟಿದರೆ ತೀವ್ರ. ಆದರೆ ನೀವು ಬ್ಯಾಂಕಿನವರು, ಸರಾಸರಿಯನ್ನು ನಂಬುವ ಮೊದಲು ಒಳಗಿನ ಪಟ್ಟಿ ನೋಡಬೇಕು. ಇಲ್ಲಿ ಎರಡನೇ ಪುಟ ತೆಗೆಯಿರಿ. ಅಂಗಾತ ಮಲಗಿದಾಗ 19, ಮಗ್ಗುಲಾದಾಗ 4. ಈ ಕೆಂಪು ಗೆರೆ ನಿಮ್ಮ ಆಮ್ಲಜನಕ. ನೇರವಾಗಿ 96ರಲ್ಲಿ ಹೋಗುತ್ತಿದ್ದದ್ದು, ಬೆಳಗಿನ ಜಾವ ಗರಗಸದ ಹಲ್ಲಿನ ಹಾಗೆ ಇಳಿದು ಏರಿ, ಒಮ್ಮೆ 86ಕ್ಕೆ ಮುಟ್ಟಿದೆ.

— 86! ಕೋವಿಡ್ ಕಾಲದಲ್ಲಿ 94ಕ್ಕೆ ಇಳಿದರೆ ಆಸ್ಪತ್ರೆಗೆ ಓಡುತ್ತಿದ್ದೆವು.

— ಇಲ್ಲಿ ಕೆಲವು ಸೆಕೆಂಡಿನಲ್ಲೇ ಮೇಲೆ ಬಂದುಬಿಡುತ್ತದೆ, ಅಷ್ಟು ಹೆದರಬೇಕಿಲ್ಲ. ಆದರೆ ಪ್ರತಿ ಸಲ ಇಳಿದಾಗಲೂ ಅಡ್ರಿನಲಿನ್ ಉಕ್ಕುತ್ತದೆ, ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದಿಲ್ಲ. ಇನ್ನೊಂದು ವಿಷಯ: ಇದು ಮನೆಯಲ್ಲೇ ಮಾಡಿದ ಪರೀಕ್ಷೆ. ಬೆರಳಿಗೆ ಕ್ಲಿಪ್, ಎದೆಗೆ ಪಟ್ಟಿ, ಮೂಗಿಗೆ ಕೊಳವೆ, ಅಷ್ಟೇ. ತಲೆಗೆ ತಂತಿ ಹಾಕಿರುವುದಿಲ್ಲವಾದ್ದರಿಂದ ನೀವು ನಿಜಕ್ಕೂ ಮಲಗಿದ್ದಿರೋ ಹೊರಳಾಡುತ್ತಿದ್ದಿರೋ ಯಂತ್ರಕ್ಕೆ ಗೊತ್ತಾಗದು. ಎಚ್ಚರವಿದ್ದ ಹೊತ್ತನ್ನೂ ಸೇರಿಸಿ ಭಾಗಿಸುತ್ತದೆ, ಹಾಗಾಗಿ ಅಂಕಿ ಕಡಿಮೆಯೇ ಬರುವುದು ಹೆಚ್ಚು. ರಾತ್ರಿಯಿಂದ ರಾತ್ರಿಗೂ ಬದಲಾಗುತ್ತದೆ. ಇವತ್ತು 11, ನೆಗಡಿ ಹಿಡಿದ ರಾತ್ರಿ 17 ಆದರೂ ಆಶ್ಚರ್ಯವಿಲ್ಲ.

— ಅಂದಮೇಲೆ ಅಂಕಿಯನ್ನು ನಂಬಬೇಕೋ ಬಿಡಬೇಕೋ?

— ನಂಬಬೇಕು, ಆದರೆ ಅದರ ಮೇಲೆ ಮಾತ್ರ ತೀರ್ಮಾನ ಮಾಡಬಾರದು. ನಮ್ಮ ನಿಯಮ ಏನೆಂದರೆ, ಸೌಮ್ಯ ಹಂತದಲ್ಲಿ ಚಿಕಿತ್ಸೆ ಬೇಕೋ ಬೇಡವೋ ಅನ್ನುವುದನ್ನು ಆ ಮನುಷ್ಯನ ಹಗಲು ನೋಡಿ ಹೇಳಬೇಕು. ಈಗ ನಾನು ಕೇಳುತ್ತೇನೆ, ಸುಳ್ಳು ಹೇಳಬಾರದು. ಮಾರ್ಗಳಿ ತಿಂಗಳಲ್ಲಿ ಮೈಲಾಪುರದ ಸಂಗೀತ ಕಚೇರಿಗೆ ಹೋಗುತ್ತೀರಲ್ಲ, ತನಿ ಆವರ್ತನದ ಹೊತ್ತಿಗೆ ಎಚ್ಚರ ಇರುತ್ತೀರಾ?

— ಮೃದಂಗದ ಸದ್ದಿಗೇ ಎಚ್ಚರ ಆಗುವುದು! ರಾಗಾಲಾಪನೆಯಲ್ಲಿ ಕಣ್ಣು ಮುಚ್ಚಿದರೆ ರಸಿಕ ಅಂತ ಜನ ತಿಳಿದುಕೊಳ್ಳುತ್ತಾರೆ.

— ಕಾರಿನಲ್ಲಿ?

— ಬೆಂಗಳೂರಿಗೆ ಹೋಗುವಾಗ ಶ್ರೀಪೆರಂಬುದೂರಿನ ತನಕ ಚೆನ್ನಾಗಿರುತ್ತದೆ. ವಾಲಾಜಾಪೇಟೆ ಟೋಲ್ ದಾಟಿದ ಮೇಲೆ ಕಣ್ಣು ಎಳೆಯುತ್ತದೆ. ಕಾಫಿ ಕುಡಿದು ಮುಂದೆ ಹೋಗುತ್ತೇನೆ.

— ಅಲ್ಲಿಗೇ ‘ಸೌಮ್ಯ’ದ ಮಾತು ಮುಗಿಯಿತು, ಚಿಕ್ಕಪ್ಪ. ಎಪ್‌ವರ್ತ್ ಅಂತ ಒಂದು ಪ್ರಶ್ನಾವಳಿ ಇದೆ. ಮೆಲ್ಬರ್ನ್‌ನ ಆಸ್ಪತ್ರೆಯೊಂದರ ಹೆಸರು ಅದು. ಮರ್ರಿ ಜಾನ್ಸ್ ಎನ್ನುವ ವೈದ್ಯರು 1991ರಲ್ಲಿ ಮಾಡಿದ್ದು. ಟಿವಿ ನೋಡುವಾಗ, ಓದುವಾಗ, ಊಟದ ಮೇಲೆ ಕೂತಾಗ, ಸಿಗ್ನಲ್‌ನಲ್ಲಿ ಕಾರು ನಿಂತಾಗ ತೂಕಡಿಸುವ ಸಂಭವ ಎಷ್ಟು ಅಂತ ಎಂಟು ಪ್ರಶ್ನೆ. ಒಟ್ಟು 24 ಅಂಕ. 10 ದಾಟಿದರೆ ಮಿತಿ ಮೀರಿದ ಹಗಲು ನಿದ್ದೆ. ನಿಮ್ಮದು 13.

— ಊಟ ಆದಮೇಲೆ ಚೆನ್ನೈ ಸೆಖೆಯಲ್ಲಿ ಯಾರಿಗೆ ತಾನೇ ಜೋಂಪು ಹತ್ತುವುದಿಲ್ಲ? ಕತ್ತರಿ ಬಿಸಿಲಲ್ಲಿ ರಾತ್ರಿ ಎರಡರ ತನಕ ಗೋಡೆಯೇ ಕಾದಿರುತ್ತದೆ.

— ಅದೂ ನಿಜವೇ. ನಿದ್ದೆಗೆಟ್ಟರೆ ಎಲ್ಲರಿಗೂ ಜೋಂಪು ಹತ್ತುತ್ತದೆ. ಅದಕ್ಕೇ ಬರೀ ತೂಕಡಿಕೆ ನೋಡಿ ಕಾಯಿಲೆ ಅನ್ನಲಾಗದು. ಆದರೆ ನೀವು ಏಸಿ ಹಾಕಿ ಏಳು ಗಂಟೆ ಮಲಗಿದರೂ ಬೆಳಗ್ಗೆ ತಲೆ ಭಾರ, ಬಾಯಿ ಒಣಗಿರುತ್ತದೆ. ರಾತ್ರಿ ಎಷ್ಟು ಸಲ ಬಚ್ಚಲಿಗೆ ಏಳುತ್ತೀರಿ?

— ಎರಡು ಮೂರು ಸಲ. ಅದು ಪ್ರಾಸ್ಟೇಟ್ ಇರಬೇಕು, ವಯಸ್ಸಾಯಿತಲ್ಲ.

— ಇರಬಹುದು. ಇದೂ ಇರಬಹುದು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಉಸಿರೆಳೆಯಲು ಹೆಣಗಿದಾಗ ಹೃದಯದ ಮೇಲ್ಕೋಣೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡು ಅದು ಒಂದು ಹಾರ್ಮೋನು ಬಿಡುತ್ತದೆ, ಮೂತ್ರ ಹೆಚ್ಚುತ್ತದೆ. ಅಪ್ನಿಯಾಗೆ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಈ ಕಾಯಿಲೆಗೆ, ಚಿಕಿತ್ಸೆ ಆದಮೇಲೆ ರಾತ್ರಿ ಏಳುವುದು ಕಡಿಮೆಯಾದವರನ್ನು ನಾನೇ ನೋಡಿದ್ದೇನೆ.

— ಸರಿ, ಬಿಪಿಗೂ ಇದಕ್ಕೂ ನಂಟಿದೆ ಅಂದೆಯಲ್ಲ. ಸೌಮ್ಯದಲ್ಲೂ?

— ಇಲ್ಲಿ ಉಬ್ಬಿಸಿ ಹೇಳಬಾರದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. 5ರಿಂದ 15ರೊಳಗೆ ಇದ್ದವರಿಗೆ ನಾಲ್ಕು ವರ್ಷದ ಮೇಲೆ ರಕ್ತದೊತ್ತಡ ಕಾಣಿಸಿಕೊಳ್ಳುವ ಸಂಭವ ಸುಮಾರು ಎರಡು ಪಟ್ಟು. ಆದರೆ 2009ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ನಂಟು ತೆಳುವಾಯಿತು. ತೀವ್ರ ಹಂತದಲ್ಲಿ ಹೃದಯಕ್ಕೆ, ಮಿದುಳಿಗೆ ಅಪಾಯ ಇದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಸೌಮ್ಯ ಹಂತದಲ್ಲಿ ಆಯುಸ್ಸು ಕಡಿಮೆಯಾಗುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ನಿಮಗೆ ಈಗಾಗಲೇ 146/92 ಇದೆ, ಅದಕ್ಕೇ ನಾನು ಸುಮ್ಮನಿರುವುದಿಲ್ಲ.

— ಸಕ್ಕರೆ?

— ಅದು ನಮ್ಮ ಊರಿನ ಪ್ರಶ್ನೆಯೇ. ಚೆನ್ನೈನಲ್ಲಿ ಮಧುಮೇಹದ ಬಗ್ಗೆ ದೊಡ್ಡ ಸಮೀಕ್ಷೆ ನಡೆದಿದೆ, ‘ಕ್ಯೂರ್ಸ್’ ಅಂತ. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮಾಡಿದ್ದು. ಅದರ ಭಾಗವಾಗಿ ನಿದ್ರೆಯನ್ನೂ ನೋಡಿದರು, 2010ರಲ್ಲಿ ಪ್ರಕಟವಾಯಿತು. ನೂರಕ್ಕೆ 40 ಜನ ಗೊರಕೆ ಹೊಡೆಯುವವರು, ಮತ್ತು ಸಕ್ಕರೆ ಏರುಪೇರಾದವರಲ್ಲಿ ಅದು ಹೆಚ್ಚು. ಇಡೀ ದೇಶದ ಲೆಕ್ಕ ಬೇಕಾದರೆ, ದೆಹಲಿಯ ಏಮ್ಸ್‌ನವರು 2023ರಲ್ಲಿ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಮಾಡಿ, ದುಡಿಯುವ ವಯಸ್ಸಿನ 10.4 ಕೋಟಿ ಭಾರತೀಯರಿಗೆ ಈ ಅಪ್ನಿಯಾ ಇದೆ ಅಂತ ಅಂದಾಜು ಮಾಡಿದರು. ಅದರಲ್ಲಿ ಮಧ್ಯಮ ಮತ್ತು ತೀವ್ರ ಸೇರಿ 4.7 ಕೋಟಿ. ಉಳಿದವರು ನಿಮ್ಮ ಸಾಲಿನವರು.

— ಬಿಡು, ದೊಡ್ಡ ಸಂಘವೇ ಇದೆ. ಆದರೆ ನಾನೇನು ಅಷ್ಟು ದಪ್ಪ ಇದ್ದೇನೆಯೇ? 78 ಕಿಲೋ.

— 166 ಸೆಂಟಿಮೀಟರ್ ಎತ್ತರಕ್ಕೆ 78 ಅಂದರೆ ಬಿಎಂಐ 28 ದಾಟುತ್ತದೆ. ನಮ್ಮವರಿಗೆ 23ಕ್ಕೇ ಹೆಚ್ಚು ತೂಕ ಅಂತ ಲೆಕ್ಕ, 25ಕ್ಕೆ ಬೊಜ್ಜು. ಕತ್ತು 41 ಸೆಂಟಿಮೀಟರ್. ಕೊಬ್ಬು ಹೊಟ್ಟೆಯಲ್ಲಿ ಮಾತ್ರ ಅಲ್ಲ, ನಾಲಗೆಯೊಳಗೂ ಗಂಟಲಿನ ಸುತ್ತಲೂ ಸೇರುತ್ತದೆ. ಸಣ್ಣ ದವಡೆಯಾದರೆ ತೆಳ್ಳಗಿದ್ದವರಿಗೂ ಬರುತ್ತದೆ, ಅದು ಬೇರೆ ಮಾತು.

— ಹಾಗಾದರೆ ಆ ಮುಖವಾಡ ಹಾಕಿಕೊಂಡು ಮಲಗಬೇಕೇ? ನಮ್ಮ ಬ್ರಾಂಚಿನವರೊಬ್ಬರು ಯುದ್ಧವಿಮಾನದ ಪೈಲಟ್ ಥರ ಮಲಗುತ್ತಾರಂತೆ.

— ಅದಕ್ಕೆ ಸಿ-ಪ್ಯಾಪ್ ಅಂತಾರೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಕುಸಿಯದಂತೆ ತಡೆಯುವುದು. ಅದಕ್ಕಿಂತ ಪರಿಣಾಮಕಾರಿಯಾದ್ದು ಇವತ್ತಿಗೂ ಬಂದಿಲ್ಲ. ಬ್ರಿಟನ್ನಿನಲ್ಲಿ ಸೌಮ್ಯ ಅಪ್ನಿಯಾದವರ ಮೇಲೇ ಒಂದು ಪರೀಕ್ಷೆ ಮಾಡಿದರು, ‘ಮರ್ಜ್’ ಅಂತ ಹೆಸರು, 2020ರಲ್ಲಿ ಬಂತು. ಮೂರು ತಿಂಗಳು ಸಿ-ಪ್ಯಾಪ್ ಹಾಕಿಕೊಂಡವರಿಗೆ ಹಗಲಿನ ಲವಲವಿಕೆ ನಿಜಕ್ಕೂ ಹೆಚ್ಚಾಯಿತು. ಆದರೆ ನಿಮಗೆ ಮೊದಲನೇ ದಿನವೇ ಅದು ಬೇಕು ಅಂತ ನಾನು ಹೇಳುತ್ತಿಲ್ಲ. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದು ಬೀರುವಿನ ಮೇಲಿಡುವ ಜನರೂ ಬಹಳ. ಹಾಕಿಕೊಂಡರೆ ತಾನೆ ಗುಣ?

— ಹಾಗಾದರೆ ನನಗೇನು ಮದ್ದು? ಮಾತ್ರೆ ಇದೆಯಾ?

— ಸೌಮ್ಯ ಅಪ್ನಿಯಾಗೆ ಅಂತ ಮಾತ್ರೆ ಇಲ್ಲ. ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್ನಿಗೆ ಅಪ್ನಿಯಾದ ಮದ್ದಾಗಿ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬೊಜ್ಜಿರುವ ಮಧ್ಯಮ ಮತ್ತು ತೀವ್ರ ರೋಗಿಗಳಿಗೆ. ನಿಮ್ಮ ಸರದಿ ಅಲ್ಲ. ನಿಮಗೆ ಮೊದಲ ಮದ್ದು ಈ ಎರಡನೇ ಪುಟದಲ್ಲೇ ಇದೆ: ಅಂಗಾತ 19, ಮಗ್ಗುಲಿಗೆ 4. ಅಂಗಾತ ಮಲಗಬೇಡಿ. ಅಷ್ಟರಿಂದಲೇ ನೀವು ಸಹಜಕ್ಕೆ ಹತ್ತಿರ ಬರುತ್ತೀರಿ.

— ನಿದ್ದೆಯಲ್ಲಿ ಹೊರಳಿದ್ದು ನನಗೇನು ಗೊತ್ತು?

— ಹಳೇ ಬನಿಯನ್ನಿನ ಬೆನ್ನಿಗೆ, ಎರಡು ಭುಜದ ಮಧ್ಯೆ, ಜೇಬು ಹೊಲಿಸಿ ಟೆನಿಸ್ ಚೆಂಡು ಇಡಿ. ಅಂಗಾತ ತಿರುಗಿದ ಕೂಡಲೇ ಒತ್ತುತ್ತದೆ, ತಾನಾಗಿ ಮಗ್ಗುಲಾಗುತ್ತೀರಿ. ಅಭ್ಯಾಸ ಆಗುವ ತನಕ ಸ್ವಲ್ಪ ಕಿರಿಕಿರಿ. ಅದು ಆಗದಿದ್ದರೆ ಬೆನ್ನಿಗೊಂದು ಉದ್ದ ದಿಂಬು ಒತ್ತಿಕೊಂಡು ಮಲಗಿ. ತಲೆದಿಂಬಿನ ಕಡೆ ಮಂಚವನ್ನು ಸ್ವಲ್ಪ ಎತ್ತರ ಮಾಡಿದರೂ ಒಳ್ಳೆಯದೇ.

— ಎರಡನೆಯದು ತೂಕ ಅನ್ನುತ್ತೀಯ. ಗೊತ್ತಿತ್ತು.

— ಅದೇ ಬುಡ. ವಿಸ್ಕಾನ್ಸಿನ್ ಲೆಕ್ಕದಲ್ಲಿ ತೂಕ ನೂರಕ್ಕೆ 10 ಇಳಿದರೆ ಎಎಚ್‌ಐ ಸುಮಾರು ನೂರಕ್ಕೆ 26 ಇಳಿಯುತ್ತದೆ. ತೂಕ ನೂರಕ್ಕೆ 10 ಏರಿದರೆ ನೂರಕ್ಕೆ 32 ಏರುತ್ತದೆ. ಫಿನ್ಲೆಂಡಿನಲ್ಲಿ ಸೌಮ್ಯ ಅಪ್ನಿಯಾದವರನ್ನೇ ಆರಿಸಿ ತೂಕ ಇಳಿಸಿದರು. ಒಂದು ವರ್ಷದ ಮೇಲೆ ನೂರಕ್ಕೆ 63 ಜನ 5ಕ್ಕಿಂತ ಕೆಳಗೆ ಬಂದರು. ಬರೀ ಸಲಹೆ ಕೇಳಿ ಹೋದವರಲ್ಲಿ 35. 2009ರ ಅಧ್ಯಯನ. ಸೌಮ್ಯ ಹಂತದ ಲಾಭ ಇದೇ ಚಿಕ್ಕಪ್ಪ: ವಾಪಸ್ ಬರುವ ದಾರಿ ಇನ್ನೂ ತೆರೆದಿದೆ. ನಿಮಗೆ ಎಂಟು ಕಿಲೋ ಸಾಕು.

— ಎಂಟು ಕಿಲೋ ಅಂದರೆ ಸಂಜೆಯ ಬೋಂಡಾ, ರಾತ್ರಿ ಹತ್ತಕ್ಕೆ ಪೊಂಗಲ್, ಎಲ್ಲಕ್ಕೂ ಕತ್ತರಿ.

— ಪೊಂಗಲ್ ಬೆಳಗ್ಗೆ ತಿನ್ನಿ. ರಾತ್ರಿ ಎಂಟರೊಳಗೆ ಊಟ ಮುಗಿಸಿ. ಪನಗಲ್ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ರಾಜಕೀಯ ಮಾತಾಡುವುದು ನಡಿಗೆ ಅಲ್ಲ. ಮತ್ತೆ ಮೂಗು. ಚೆನ್ನೈನ ತೇವಕ್ಕೆ ಹಾಸಿಗೆಯಲ್ಲಿ ಧೂಳಿನ ಹುಳ ಜಾಸ್ತಿ, ನಿಮಗೆ ಬೆಳಗ್ಗೆ ಎದ್ದ ಕೂಡಲೇ ಹತ್ತು ಸೀನು. ಮೂಗು ಕಟ್ಟಿದರೆ ಬಾಯಲ್ಲಿ ಉಸಿರಾಡುತ್ತೀರಿ, ನಾಲಗೆ ಹಿಂದಕ್ಕೆ ಬೀಳುತ್ತದೆ. ಅಲರ್ಜಿಗೆ ಮೂಗಿನ ಸ್ಪ್ರೇ ಬರೆದುಕೊಡುತ್ತೇನೆ. ದಿಂಬು, ಹೊದಿಕೆ ವಾರಕ್ಕೊಮ್ಮೆ ಬಿಸಿನೀರಿಗೆ.

— ಮತ್ತೆ… ಶನಿವಾರದ ಒಂದು ಪೆಗ್?

— ಬಿಡಲಾಗದಿದ್ದರೆ ಮಲಗುವ ನಾಲ್ಕು ಗಂಟೆ ಮೊದಲು. ಮದ್ಯ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಯನ್ನಂತೂ ಮೆಡಿಕಲ್ ಶಾಪಿನಿಂದ ನೀವಾಗಿಯೇ ತರಬೇಡಿ.

— ವಾಟ್ಸಾಪಿನಲ್ಲಿ ಶಂಖ ಊದಿದರೆ ಗೊರಕೆ ಹೋಗುತ್ತದೆ ಅಂತ ಬಂದಿತ್ತು. ನೀನು ನಗುತ್ತೀಯ ಅಂತ ಹೇಳಲಿಲ್ಲ.

— ನಗುವುದಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ವಾದ್ಯ ಊದಿಸಿ 25 ಜನರ ಮೇಲೆ ಪರೀಕ್ಷೆ ಮಾಡಿದ್ದರು, 2006ರಲ್ಲಿ. ತೂಕಡಿಕೆ ಕಡಿಮೆಯಾಯಿತು. 2025ರಲ್ಲಿ ಜೈಪುರದ ವೈದ್ಯರು 30 ಜನರಲ್ಲಿ ಸುಮಾರು ಅರ್ಧದಷ್ಟು ಜನರಿಂದ ಆರು ತಿಂಗಳು ಶಂಖ ಊದಿಸಿ ನೋಡಿದರು. ಹಗಲು ನಿದ್ದೆ ಕಡಿಮೆಯಾಯಿತು, ಗಂಟೆಗೆ ನಾಲ್ಕೈದು ತಡೆಗಳೂ ಇಳಿದವು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮ ಅದು. ಎರಡೂ ಸಣ್ಣ ಪರೀಕ್ಷೆಗಳು, ಮಧ್ಯಮ ಹಂತದವರ ಮೇಲೆ ಮಾಡಿದ್ದು, ಅದೊಂದನ್ನೇ ನೆಚ್ಚಬಾರದು. ಆದರೆ ದೇವರ ಮನೆಯಲ್ಲಿ ಶಂಖ ಇದೆ, ಊದಿ. ಖರ್ಚೂ ಇಲ್ಲ, ಅಪಾಯವೂ ಇಲ್ಲ. ಪಕ್ಕದ ಫ್ಲ್ಯಾಟಿನವರನ್ನು ಮಾತ್ರ ಕೇಳಿಕೊಳ್ಳಿ.

— ಇದೆಲ್ಲ ಮಾಡಿಯೂ ಇಳಿಯದಿದ್ದರೆ?

— ಹಲ್ಲಿನ ವೈದ್ಯರು ಅಚ್ಚು ತೆಗೆದು ಒಂದು ಸಾಧನ ಮಾಡಿಕೊಡುತ್ತಾರೆ. ರಾತ್ರಿ ಹಾಕಿಕೊಂಡರೆ ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತದೆ, ಜೊತೆಗೆ ನಾಲಗೆಯೂ ಮುಂದೆ ಬರುತ್ತದೆ. ಸೌಮ್ಯ ಹಂತದವರಿಗೆ ಚೆನ್ನಾಗಿ ಒಗ್ಗುತ್ತದೆ. ಮೊದಮೊದಲು ದವಡೆ ನೋವು, ಜೊಲ್ಲು ಇರುತ್ತದೆ. ವರ್ಷಗಳ ಮೇಲೆ ಹಲ್ಲಿನ ಸಾಲು ಸ್ವಲ್ಪ ಸರಿಯಬಹುದು, ಅದಕ್ಕೆ ಆಗಾಗ ತೋರಿಸಬೇಕು. ಅದೂ ಆಗದಿದ್ದರೆ ಸಿ-ಪ್ಯಾಪ್, ಮೊದಲು ಬಾಡಿಗೆಗೆ ತಂದು ನೋಡಿ. ಟಾನ್ಸಿಲ್ ದೊಡ್ಡದಿದ್ದರೆ, ಮೂಗಿನ ನಡುಗೋಡೆ ಸೊಟ್ಟಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ನಿಮಗೆ ಎರಡೂ ಇಲ್ಲ. ಆದರೆ ಯಾವತ್ತಾದರೂ ಬೇರೆ ಆಪರೇಷನ್ ಆದರೆ ಅರಿವಳಿಕೆ ಕೊಡುವ ವೈದ್ಯರಿಗೆ ಈ ವರದಿ ತೋರಿಸಲು ಮರೆಯಬೇಡಿ. ಅರಿವಳಿಕೆಯೂ ಗಂಟಲನ್ನು ಸಡಿಲ ಮಾಡುತ್ತದೆ.

— ನಿನ್ನ ಚಿಕ್ಕಮ್ಮನೇ ಪುಣ್ಯವಂತೆ. ಅವಳಿಗೆ ಗೊರಕೆಯೇ ಇಲ್ಲ.

— ಕೇಳಿದವರು ಯಾರು? ನೀವು ಮಲಗಿರುತ್ತೀರಲ್ಲ! ಹೆಂಗಸರಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಚ್ಚುತ್ತದೆ. ನಿದ್ದೆ ಬರುವುದಿಲ್ಲ, ಬೆಳಗ್ಗೆ ತಲೆನೋವು, ಸುಸ್ತು, ಬೇಸರ ಅಂತಾರೆ. ಗೊರಕೆಯ ಮಾತೇ ಎತ್ತುವುದಿಲ್ಲ. ವೈದ್ಯರು ಥೈರಾಯ್ಡ್ ನೋಡಿ, ವಿಟಮಿನ್ ಬರೆದು ಕಳಿಸುತ್ತಾರೆ. ಚಿಕ್ಕಮ್ಮನ ತಲೆನೋವು ಶುರುವಾಗಿ ಎರಡು ವರ್ಷ ಆಯಿತು. ಅವರಿಗೂ ಒಂದು ಪರೀಕ್ಷೆ ಆಗಲಿ.

— ಆಗಲಿ. ಅದರ ದುಡ್ಡಿಗೆ ನಾನು ದಂಡ ಅನ್ನುವುದಿಲ್ಲ. ಹಾಗಾದರೆ ನನ್ನ ತೀರ್ಪು ಏನು?

— ಮಗ್ಗುಲು, ಮೂಗು, ತೂಕ. ಬಿಪಿ ಮನೆಯಲ್ಲೇ ನೋಡಿ ಬರೆದಿಡಿ. ಮೂರು ತಿಂಗಳಿಗೆ ನನಗೆ ಲೆಕ್ಕ ಕೊಡಿ. ತೂಕ ಇಳಿದ ಮೇಲೆ ಮತ್ತೆ ಪರೀಕ್ಷೆ. ಅಷ್ಟರೊಳಗೆ ಹಗಲು ತೂಕಡಿಕೆ ಹೋಗದಿದ್ದರೆ ದವಡೆಯ ಸಾಧನವೋ ಸಿ-ಪ್ಯಾಪೋ, ನೀವೇ ಆರಿಸಿ. ಬೆಂಗಳೂರಿಗೆ ಕಾರು ಓಡಿಸುವುದು ಸದ್ಯಕ್ಕೆ ಬೇಡ, ರೈಲಿದೆ. ಇದರಲ್ಲಿ ಮಾತ್ರ ಚೌಕಾಸಿ ಇಲ್ಲ.

— ನನ್ನ ಗೆಳೆಯರಲ್ಲೂ ಗೊರಕೆಯವರು ಬಹಳ ಇದ್ದಾರೆ. ಅವರಿಗೆ ಏನು ಹೇಳಲಿ?

— ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ ಅಂತ ಮೊದಲು ಹೇಳಿ. ಗೊರಕೆಯ ನಡುವೆ ಉಸಿರು ಕಟ್ಟಿದರೆ, ಹಗಲು ತೂಕಡಿಸಿದರೆ, ಮಾತ್ರೆ ನುಂಗಿಯೂ ಬಿಪಿ ಇಳಿಯದಿದ್ದರೆ ವೈದ್ಯರನ್ನು ನೋಡಲಿ. ಹೋಗುವಾಗ ಒಬ್ಬರೇ ಹೋಗಬಾರದು. ನಿದ್ದೆಯಲ್ಲಿ ತನಗೆ ಏನಾಗುತ್ತದೆ ಅಂತ ಮಲಗಿದವನಿಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ, ಅವರನ್ನೇ ಮೊದಲು ಮಾತಾಡಲು ಬಿಡಿ.